ಆರೋಗ್ಯದ ನಗು

ಸೋಫಾದ ಹೊದಿಕೆಯನ್ನು ಶಶಿಕಾಂತ ಎರಡೇ ಬೆರಳಲ್ಲಿ ಎತ್ತಿ, ಮುಖ ಆಚೆ ತಿರುಗಿಸಿಕೊಂಡು, ಗ್ಯಾರೇಜಿನ ಕಸದ ಡಬ್ಬಿಗೆ ತುರುಕಿದ. ಆಮೇಲೆ ಸೋಪು ಹಚ್ಚಿ ಎರಡು ಸಲ ಕೈ ತೊಳೆದ. ಅಳಿಯನಾಗುವವನೆಂದು ಕರೆದು ಮಲಗಿಸಿದ್ದ ಹುಡುಗ ಗಾಂಜಾ ಸೇದುವವನಂತೆ. ಅವನ ತಲೆ ತಾಗಿದ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದುಂಟೇ? ಥೂ.

"ಅರಿವಿ ಏನ್ ಮಾಡೇತ್ರಿ ಪಾಪ, ಹೊಸಾದಿತ್ತು," ಎಂದಳು ಹೆಂಡತಿ ಕುಮುದಾ.

"ನೋಡಿದ್ರ ಹೇಸಿಗಿ ಬರತದ ನನಗ."

ಹುಡುಗ ನಿಶ್ಚಲ್, ಹ್ಯೂಸ್ಟನ್ನಿನ ರಾಜಗೋಪಾಲರ ಮಗ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಆಸ್ಟಿನ್ನಿನ ಕಿರಿಯ ತಂಡವೊಂದಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನನ್ನು 2017ರ ಜನವರಿಯಲ್ಲಿ ಡಾಲಸ್‌ನ ದೊಡ್ಡ ತಂಡ ಕರೆಯಿತು. ಮೂತ್ರ ಪರೀಕ್ಷೆಯೊಂದು ಮುಗಿದರೆ ಸಹಿ. ಕ್ಯಾರಲ್ಟನ್ನಿನ ದಿನಸಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಾ ನಿಂತವರನ್ನೆಲ್ಲ ಹಿಡಿದು ಹಿಡಿದು ಶಶಿಕಾಂತ ಈ ಸುದ್ದಿ ಹೇಳಿದ್ದ. ಮುಂದಿನ ಭಾನುವಾರ ಮಗಳು ಐಶ್ವರ್ಯಾಳ ನಿಶ್ಚಿತಾರ್ಥ. ಹಾಲ್ ಬುಕ್ ಆಗಿತ್ತು. ಈಗ ಮೂತ್ರದಲ್ಲಿ ಗಾಂಜಾ ಸಿಕ್ಕಿದೆ, ಸಹಿ ನಿಂತಿದೆ. ಇನ್ನು ಆ ಅಂಗಡಿಗೆ ಯಾವ ಮುಖ ಹೊತ್ತು ಹೋಗುವುದು?

ಪರೀಕ್ಷೆಗೆ ಮುಂಚಿನ ಶನಿವಾರ ನಿಶ್ಚಲ್ ಇದೇ ಮನೆಯಲ್ಲಿ ಉಂಡಿದ್ದ. ಕುಮುದಾ ರೊಟ್ಟಿ ಬಡಿದಿದ್ದಳು. ಎಣ್ಣೆಗಾಯಿ ಹೆಚ್ಚಾಗಿ ಹೊಟ್ಟೆ ಭಾರ ಎಂದಾಗ ಶಶಿಕಾಂತನೇ ಎದ್ದು, ತಾನು ದಿನಾ ತೆಗೆದುಕೊಳ್ಳುವ ವಿಜಯಮ್ಮನ ಪುಡಿಯನ್ನು ಮಜ್ಜಿಗೆಗೆ ಕದಡಿ ಕೊಟ್ಟಿದ್ದ. ಬೈಲಹೊಂಗಲದ ವೈದ್ಯರೊಬ್ಬರ ಮನೆಯ ಪುಡಿ ಅದು. ಭಾವಮೈದುನ ಊರಿಂದ ಬರುವಾಗ ತರಬೇಕು. ಆ ಡಬ್ಬಿ ಮುಟ್ಟಲು ಹೆಂಡತಿಗೂ ಅಪ್ಪಣೆಯಿಲ್ಲ. ಅಂಥದ್ದನ್ನು ಕೊಟ್ಟ ಮನೆಗೆ ಇವನು ಮಾಡಿದ್ದೇನು? ಫೋನ್ ಬಂತೆಂದು ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಫೋನಂತೆ ಫೋನು, ಬೇಲಿ ಮರೆಯಲ್ಲಿ ನಿಂತು ಸೇದಿರಬೇಕು. ಆಮೇಲೆ ತಟ್ಟೆಯಲ್ಲಿದ್ದ ಶೇಂಗಾ ಹೋಳಿಗೆಯನ್ನೆಲ್ಲ ಒಬ್ಬನೇ ತಿಂದು, ಗೋಡೆ ಗಡಿಯಾರ ನೋಡಿ ಬಿದ್ದು ಬಿದ್ದು ನಕ್ಕು, ಸೋಫಾದ ಮೇಲೆ ಕಾಲು ಚಾಚಿದವನು ಮರುದಿನ ಮಧ್ಯಾಹ್ನಕ್ಕೆ ಎದ್ದ.

"ಸುಮ್ಮಸುಮ್ಮನ ನಗತಿದ್ದ. ಅವತ್ತ ನನಗ ತಿಳೀಬೇಕಿತ್ತು."

"ಉಂಡ ಮ್ಯಾಲ ನೀವೂ ಹಂಗ ನಗತೀರಲ್ರಿ," ಎಂದಳು ಕುಮುದಾ. "ಫ್ರಿಜ್ಜಿನ್ಯಾಗ ಒಂದು ಹೋಳಿಗಿ ಉಳಸಂಗಿಲ್ಲ."

"ನಂದು ಆರೋಗ್ಯದ ನಗಿ. ಅವನ ಜೋಡಿ ನನ್ನ ಹೋಲಸಬ್ಯಾಡ."

ಈ ವಾರವಿಡೀ ಶಶಿಕಾಂತನಿಗೆ ಆ ನಗುವೂ ಇರಲಿಲ್ಲ. ಪುಡಿ ಮುಗಿದಿತ್ತು. ನಿದ್ದೆ ಹತ್ತುತ್ತಿರಲಿಲ್ಲ, ಅನ್ನ ಸೇರುತ್ತಿರಲಿಲ್ಲ, ಯಾರು ಮಾತಾಡಿಸಿದರೂ ಮೈಯೆಲ್ಲ ಸಿಡಿಮಿಡಿ. ಎಲ್ಲ ಆ ಹುಡುಗನ ದೆಸೆಯಿಂದ ಎಂದುಕೊಂಡ.

ಮಧ್ಯಾಹ್ನ ಆ ಹುಡುಗನೇ ಬಂದು ಬಾಗಿಲಲ್ಲಿ ನಿಂತ. ಶಶಿಕಾಂತ ಒಳಗೆ ಕರೆಯಲಿಲ್ಲ.

"ಅಂಕಲ್, ನಾನು ಒಂದು ಸಿಗರೇಟೂ ಮುಟ್ಟಿದವನಲ್ಲ," ಎಂದ ನಿಶ್ಚಲ್. "ಅಪೀಲ್ ಮಾಡೋಕೆ ಇವತ್ತು ಸಂಜೆ ಐದರವರೆಗೆ ಟೈಮಿದೆ. ಆ ದಿನಗಳಲ್ಲಿ ಏನೇನು ತಿಂದೆ ಅಂತ ಹೇಳಬೇಕಂತೆ. ಟೀಮ್ ಊಟ ಬಿಟ್ರೆ ನಿಮ್ಮನೇಲಿ ಮಾತ್ರ ತಿಂದಿದ್ದು. ಅದರಲ್ಲಿ ಏನಾದ್ರೂ..."

"ಏನಂದಿ? ನಮ್ಮ ಮನಿ ಅಡಗಿ ಮ್ಯಾಲ ತಪ್ಪ ಹಾಕಾಕ ಬಂದಿ?"

"ಹಾಗಲ್ಲ ಅಂಕಲ್. ನಿಮಗೆ ಗೊತ್ತಿಲ್ದೇನೇ ಏನಾದ್ರೂ ಕೊಟ್ಟಿದ್ರೆ..."

"ಗೊತ್ತಿದ್ದ ಕೊಟ್ಟೇನಿ. ಮಗಾ ಅಂತ ತಿಳದು ನಾ ತಗೊಳ್ಳೂದನ್ನ ನಿನಗೂ ಕೊಟ್ಟೇನಿ. ಅದಕ್ಕ ಇದು ಬಹುಮಾನ?"

ಮೆಟ್ಟಿಲ ಮೇಲೆ ಕೂತಿದ್ದ ಐಶ್ವರ್ಯಾ ಎದ್ದು ಬಂದಳು. "ಡ್ಯಾಡ್, ಪ್ಲೀಸ್. ಇಡೀ ಕರಿಯರ್ ಹೋಗುತ್ತೆ. ಒಂದು ಸಲ ಕೇಳಿ."

"ಗಾಂಜಾ ಮೈಯಾಗ ಹೊಕ್ಕಮ್ಯಾಲ ಮನಿಷಾಗ ತಾ ಏನ್ ಮಾತಾಡತೇನಿ ಅನ್ನೂದ ತಿಳಿಯೂದಿಲ್ಲ. ಮಾರಿ ಮ್ಯಾಲ ಬರದಿರತದ. ನಾ ಹಂಥಾವರನ್ನ ದೂರದಿಂದನ ಗುರ್ತ ಹಿಡೀತೇನಿ." ಶಶಿಕಾಂತ ಬಾಗಿಲು ಹಾಕಿದ.

ಕಾರು ಹೊರಟ ಸದ್ದು ಕೇಳಿತು. ಐಶ್ವರ್ಯಾ ಅಪ್ಪನ ಮುಖವನ್ನೂ ನೋಡದೆ ಮೇಲೆ ಹೋಗಿ ಚಿಲಕ ಹಾಕಿಕೊಂಡಳು. ಶಶಿಕಾಂತ ಹ್ಯೂಸ್ಟನ್ನಿಗೆ ಫೋನ್ ಮಾಡಿದ. ರಾಜಗೋಪಾಲರು ಬಾಯಿ ತೆರೆಯುವ ಮೊದಲೇ, ನಿಮ್ಮ ಸಂಬಂಧ ನಮಗೆ ಬೇಡ, ಇಂಥ ಹೊಲಸು ನಮ್ಮ ಹೊಸ್ತಿಲು ದಾಟಕೂಡದು ಎಂದು ಇಟ್ಟುಬಿಟ್ಟ. ನಿಶ್ಚಿತಾರ್ಥದ ಹಾಲ್‌ನವರಿಗೂ ಬೇಡವೆಂದ. ಐದು ಗಂಟೆ ಆಯಿತು, ದಾಟಿತು. ಅವನಿಗೆ ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಖಾಲಿ ಪುಡಿ ಡಬ್ಬಿಯ ತಳವನ್ನು ಮತ್ತೊಮ್ಮೆ ಕೆರೆದು ನೋಡಿದ.

ಬೈಲಹೊಂಗಲದಲ್ಲಿ ಬೆಳಗಾಗುವುದನ್ನೇ ಕಾದಿದ್ದು, ವೈದ್ಯರ ಮನೆಗೆ ಫೋನ್ ಹಚ್ಚಿದ. ವೈದ್ಯರೇ ಎತ್ತಿಕೊಂಡರು.

"ಪುಡಿ ಮುಗದೇತ್ರಿ. ಈ ಸಲ ಎರಡು ಡಬ್ಬಿ ಕಳಸ್ರಿ. ಅದಿಲ್ಲದ ಜೀವಕ್ಕ ಸಮಾಧಾನನ ಇಲ್ಲ."

"ಆಗಲಿರಿ, ಕಳಸ್ತೇನಿ."

"ಮತ್ತ ನಿಮ್ಮ ವಿಜಯಮ್ಮಾರಿಗೆ ನನ್ನ ನಮಸ್ಕಾರ ಹೇಳ್ರಿ. ಕೈಗುಣ ಭಾಳ ಛಲೋ ಅದ ಅವರದು."

"ಯಾವ ವಿಜಯಮ್ಮರಿ?"

"ಅದ ರೀ, ಪುಡಿ ಮಾಡೋರು. ಡಬ್ಬಿ ಮ್ಯಾಲ ದೊಡ್ಡದಾಗಿ ಬರದೀರಲ್ಲ, ವಿಜಯಾ ಅಂತ."

ಅತ್ತ ಕಡೆ ವೈದ್ಯರು ನಕ್ಕರು.

"ಅದು ಮಾಡಿದವರ ಹೆಸರಲ್ರಿ ಸಾಹೇಬರ, ಒಳಗ ಹಾಕಿದ್ದರ ಹೆಸರು, ವಿಜಯಾ ಅಂದ್ರ ಭಂಗಿಸೊಪ್ಪು, ನೀವೆಲ್ಲ ಗಾಂಜಾ ಅಂತೀರಲ್ಲ, ಅದರದ್ದ ಎಲಿ."