ರೋಗಿಯ ಕಡೆಯವರು

ಸುಳ್ಳು ಹೇಳಿಬಿಡಲೇ ಎಂದು ಪುಷ್ಪಾವತಿಗೆ ಒಂದು ಕ್ಷಣ ಅನಿಸಿತು.

"ದಿನಾ ಮಾತ್ರೆ ಎಂತಾದ್ರೂ ತಗೊಳ್ತೀರಾ ಅಕ್ಕ?" ರಕ್ತ ತೆಗೆಯುವ ಕೋಣೆಯ ನರ್ಸ್ ಮೋಕ್ಷಿತಾ ಎರಡನೇ ಸಲ ಕೇಳಿದಳು.

"ಥೈರಾಯ್ಡಿಂದು ಒಂದು ಉಂಟು."

ನಿಜವೇ ಬಾಯಿಗೆ ಬಂತು. ಇಷ್ಟಕ್ಕೇ ವಾಪಸು ಕಳಿಸಿದರೆ? ರೋಗಿಯ ಕಡೆಯವರೊಬ್ಬರು ರಕ್ತ ಕೊಡದಿದ್ದರೆ ಗುರುವಾರ ಆಪರೇಶನ್ ಇಲ್ಲ ಎಂದು ಮೊನ್ನೆಯೇ ಮೇಲಿನ ವಾರ್ಡಿನಲ್ಲಿ ಖಡಾಖಂಡಿತ ಹೇಳಿದ್ದರು.

ಪುತ್ತಿಗೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಜಾಲಾಡಿದ್ದಳು. ಗ್ಯಾಸಿನವನು, ರೇಷನ್ ಅಂಗಡಿಯವನು, ಆಟೋದ ಕುಂಞ. ಪಾಪ, ಕುಂಞನಿಗೆ ಎಪ್ಪತ್ತು ದಾಟಿದೆ. ಅಕ್ಕನ ಮಗ ವಿಖ್ಯಾತ್ ದುಬೈಯಲ್ಲಿ, ಫೋನೆತ್ತಲಿಲ್ಲ. ಎತ್ತಿದ್ದರೂ ಅಲ್ಲಿಂದ ರಕ್ತ ಕಳಿಸುತ್ತಿದ್ದನೇ!

ಮೋಕ್ಷಿತಾ ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. "ನಿಮ್ಮ ಟೆಸ್ಟ್ ಸರಿ ಉಂಟಲ್ಲ, ಕೊಡಬಹುದಂತೆ."

ಪುಷ್ಪಾವತಿಗೆ ಅಳುವೇ ಬಂತು. ಮಂಚದ ಮೇಲೆ ಮಲಗಿ ಕೈ ಚಾಚಿದಳು.

"ಪೇಷೆಂಟಿಗೆ ಎಂತ ಆಪರೇಶನ್?"

"ಥೈರಾಯ್ಡಿನ ಗಡ್ಡೆ."

"ಅಯ್ಯೋ, ಅಲ್ಲಿಯೂ ಅದೇ ಕಥೆಯಾ! ರಕ್ತದ ಗುಂಪು?"

"ಅದೂ ಒಂದೇ."

"ಹಾಗಾದ್ರೆ ಅಕ್ಕನೋ ತಂಗಿಯೋ?"

"ಅದಕ್ಕಿಂತ ಹತ್ತಿರ."

"ಈಗ ಅವರೊಟ್ಟಿಗೆ ಯಾರಿದ್ದಾರೆ?"

"ನಾನೊಬ್ಬಳೇ."

"ನಿಮ್ಮಂಥವರು ಒಬ್ಬರಿದ್ರೆ ಸಾಕು ಬಿಡಿ. ಎಂಥ ಸೆಕೆ ಮಾರಾಯ್ರೆ! ಸೆರಗು ಸ್ವಲ್ಪ ಸಡಿಲ ಮಾಡಿ ಅಕ್ಕ."

ಪುಷ್ಪಾವತಿ ಕುತ್ತಿಗೆಗೆ ಸುತ್ತಿಕೊಂಡಿದ್ದ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಹುಡುಗಿ ರಕ್ತನಾಳ ಹುಡುಕುತ್ತ ಮೊಣಕೈಯ ಒಳಬದಿಯನ್ನು ಮೆಲ್ಲಗೆ ತಟ್ಟುತ್ತಿದ್ದಳು. ಹೀಗೆ ಕೈ ಹಿಡಿದು ಯಾರಾದರೂ ತನ್ನನ್ನು ಮಾತಾಡಿಸಿ ಎಷ್ಟು ಕಾಲವಾಯಿತೋ. ಇನ್ನೂ ಸ್ವಲ್ಪ ಹೊತ್ತು ರಕ್ತನಾಳ ಸಿಗದಿರಲಿ ಎಂದು ಅವಳಿಗೆ ಆಸೆಯಾಯಿತು.

ಆದರೆ ಅದು ಸಿಕ್ಕಿಬಿಟ್ಟಿತು. ಸೂಜಿ ಎತ್ತಿಕೊಳ್ಳುವ ಮೊದಲು ಮೋಕ್ಷಿತಾ ಕೇಳಿದಳು, "ಪೇಷೆಂಟಿನ ಹೆಸರು ಹೇಳಿ."

"ಪುಷ್ಪಾವತಿ."

"ನಿಮ್ಮದಲ್ಲ ಅಕ್ಕ," ಅವಳು ನಕ್ಕಳು. "ರಕ್ತ ಯಾರಿಗೆ, ಅವರದ್ದು."

"ನನಗೇ ಸಿಸ್ಟರೇ, ಗುರುವಾರದ ಪೇಷೆಂಟ್ ನಾನೇ."