ಗೂಟದ ಎತ್ತರ

ಎಂಟನೆಯ ಸಲವೂ ಪಿಸ್ತೂಲು ಸಿಮೆಂಟಿನ ಚಪ್ಪಡಿಯ ಮೇಲೆ ಠಣ್ಣೆಂದು ಬಿದ್ದು ಮಗ್ಗುಲಾಯಿತು. ಸಿಡಿಯಲಿಲ್ಲ. ಗುರಿ ಅಭ್ಯಾಸದ ಮೈದಾನದ ಗೆರೆಯ ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದ ಹದಿನೈದಿಪ್ಪತ್ತು ಜನ ಹೋ ಎಂದರು. ಬೀಳಿಸಿದ ರಾಯ್ಸ್ ಟ್ಯಾಕೆಟ್ ತನ್ನ ಟೋಪಿ ತೆಗೆದು ನಾಟಕದವನ ಹಾಗೆ ಎಲ್ಲರಿಗೂ ಬಾಗಿದ. "ಇನ್ನೆರಡೇ ಉಳಿದಿರೋದು ಭಾವ. ಆ ಡಬ್ಬಿ ನಿನ್ನ ಬೂಟು ಇಟ್ಕೊಳ್ಳೋಕೆ ಆಗುತ್ತೆ, ಮನೆಗೆ ತಗೊಂಡು ಹೋಗು."

ಡಬ್ಬಿ ಹಿಡಿದು ನಿಂತಿದ್ದವನು ಗ್ರೇಡಿ, ರಾಯ್ಸನ ಹೆಂಡತಿ ಆರ್ಲೀನಳ ಅಣ್ಣ. ಆರು ವರ್ಷದ ಹಿಂದೆ ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಇದೇ ಜಾತಿಯ ಪಿಸ್ತೂಲು ಕೊಂಡಿದ್ದರು. ಈ ಬೇಸಿಗೆಯಲ್ಲಿ ಕಂಪನಿಯಿಂದ ಇಬ್ಬರಿಗೂ ಕಾಗದ, ಜೊತೆಗೊಂದು ಖಾಲಿ ಡಬ್ಬಿ ಬಂತು. ನಮ್ಮ ಪಿಸ್ತೂಲು ಸಂಪೂರ್ಣ ಸುರಕ್ಷಿತ ಎಂಬುದು ಮೊದಲ ಸಾಲು. ಬೇಕಾದವರು ಈ ಡಬ್ಬಿಯಲ್ಲಿ ಕಳಿಸಿದರೆ ಒಳಗಿನ ಭಾಗಗಳನ್ನು ಪುಕ್ಕಟೆ ಬದಲಿಸಿ ಇನ್ನಷ್ಟು ಸುರಕ್ಷಿತ ಮಾಡಿಕೊಡುತ್ತೇವೆ ಎಂಬುದು ಎರಡನೆಯದು. ಆ ಎರಡು ಸಾಲುಗಳ ನಡುವೆ ಊರೂರಿನ ಗುರಿಕಾರರು ಜಗಳಕ್ಕೆ ಬಿದ್ದರು. ಕೈಜಾರಿ ಬಿದ್ದರೆ ತಾನಾಗಿ ಸಿಡಿಯುತ್ತದಂತೆ ಎಂದು ಕೆಲವರು, ಎಲ್ಲ ಬೊಗಳೆ ಎಂದು ಕೆಲವರು. ಗ್ರೇಡಿ ಕಳಿಸಿದ, ಐದು ವಾರಕ್ಕೆ ವಾಪಸು ಬಂತು. ರಾಯ್ಸ್ ಕಳಿಸಲಿಲ್ಲ. ಬರುವ ಶನಿವಾರವೇ ಕೌಂಟಿಯ ಗುರಿ ಹೊಡೆಯುವ ಪಂದ್ಯ. ಇದೇ ಪಿಸ್ತೂಲಿನಲ್ಲಿ ಮೂರು ವರ್ಷ ಗೆದ್ದಿದ್ದಾನೆ, ನಾಲ್ಕನೆಯದನ್ನೂ ಗೆದ್ದರೆ ಬೆಳ್ಳಿಯ ಬಟ್ಟಲು ಶಾಶ್ವತವಾಗಿ ಅವನ ಮನೆಯಲ್ಲೇ.

"ಬಂದೂಕು ತಾನಾಗೇ ಸಿಡಿಯೋದಿಲ್ಲ ಕಣ್ರೋ," ಎಂದು ಅವನು ಬಾಯಿಬಿಟ್ಟಾಗಲೆಲ್ಲ ಹೇಳುತ್ತಿದ್ದ. "ಯಾರೋ ಬೆರಳು ಒತ್ತಿರ್ತಾರೆ. ಆಮೇಲೆ ಒತ್ತಲಿಲ್ಲ ಅಂತ ಅಳ್ತಾರೆ." ಅದಕ್ಕೇ ಗ್ರೇಡಿ ಪಂದ್ಯ ಕಟ್ಟಿದ್ದ. ಗುಂಡೂ ಇಲ್ಲದ, ಮದ್ದೂ ಇಲ್ಲದ, ಬುಡದಲ್ಲಿ ಬರೀ ಕಿಡಿ ಹಾರಿಸುವ ಕೇಪು ಕೂರಿಸಿದ ತೋಟಾ ಹಾಕಿ ಹತ್ತು ಸಲ ಬೀಳಿಸುವುದು. ಒಂದೇ ಒಂದು ಸಲ ಕೇಪು ಸಿಡಿದರೂ ಪಿಸ್ತೂಲು ಡಬ್ಬಿಗೆ, ಬಟ್ಟಲಿನ ಆಸೆ ಬಿಟ್ಟ ಹಾಗೆ.

ಒಂಬತ್ತನೆಯದು ಬಿತ್ತು. ಸದ್ದಿಲ್ಲ.

"ಏ, ಬೀಳಿಸ್ತಿದ್ದೀಯೋ, ತೊಟ್ಟಿಲಿಗೆ ಮಲಗಿಸ್ತಿದ್ದೀಯೋ?" ಗ್ರೇಡಿ ಕೂಗಿದ. "ಒಂಬತ್ತು ಸಲವೂ ಮಂಡಿ ಎತ್ತರದಿಂದಾನೇ!"

"ಎತ್ತರ ಇಷ್ಟೇ ಅಂತ ಮಾತಾಗಿತ್ತಾ?"

"ಬೀಳಿಸೋರು ಇಂಥೋರೇ ಅಂತಲೂ ಮಾತಾಗಿರಲಿಲ್ಲ," ಎಂದಿತು ಹಿಂದಿನಿಂದ ಒಂದು ಮೆಲುದನಿ.

ಆರ್ಲೀನ್. ಟ್ರಕ್ಕಿನ ಹಿಂಬದಿಯಲ್ಲಿ ಹುರುಳಿ-ಮಾಂಸದ ಸಾರಿನ ಪಾತ್ರೆ ಕಾಯುತ್ತ ಕೂತಿದ್ದವಳು ಏಪ್ರನ್ನಿಗೆ ಕೈ ಒರೆಸುತ್ತ ಬಂದು ಗೆರೆ ದಾಟಿದಳು. ಜನಕ್ಕೆ ಖುಷಿಯೋ ಖುಷಿ. "ಕೊಡು ಅವಳಿಗೆ! ಕೊಡು!" ಎಂದು ಸಿಳ್ಳೆ ಹಾಕಿದರು. ರಾಯ್ಸ್ ನಗುತ್ತಲೇ ಕೊಟ್ಟ. "ತಗೋ ಮಾರಾಯ್ತಿ. ಕಾಲ ಮೇಲೆ ಹಾಕ್ಕೋಬೇಡ."

ಅವನೇ ಕಲಿಸಿದ ಹಾಗೆ ಅವಳು ಮೊದಲು ಪಿಸ್ತೂಲನ್ನು ತೆರೆದು ಒಳಗಿರುವುದು ಬರೀ ಕೇಪು ಎಂದು ನೋಡಿಕೊಂಡಳು. ಆಮೇಲೆ ಅದನ್ನು ತನ್ನ ಕಿವಿಯ ಮಟ್ಟಕ್ಕೆ ಎತ್ತಿದಳು. ಒಂದು ಕ್ಷಣ ಯೋಚಿಸಿ ಎರಡು ಬೆರಳಷ್ಟು ಕೆಳಗಿಳಿಸಿದಳು. ಪಿಸ್ತೂಲಿನ ಬಾಯಿ ಮೇಲೆ, ಹಿಂಬದಿಯ ತುದಿ ಕೆಳಗೆ, ತುಸು ಓರೆ. ಅಳತೆಪಟ್ಟಿ ಹಿಡಿದ ದರ್ಜಿಯ ಹಾಗೆ ನಿಂತು, ಕೈ ಬಿಟ್ಟಳು.

ಫಟ್!

ಟೋಪಿಗಳು ಹಾರಿದವು. ಗ್ರೇಡಿ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಆ ಕೆಂಪು ಧೂಳಿನಲ್ಲಿ ಕುಣಿದೇ ಕುಣಿದ. ಯಾರೋ ಆರ್ಲೀನಳ ಕೈ ಹಿಡಿದೆತ್ತಿ "ಗೆದ್ದವಳು!" ಎಂದು ಸಾರಿದರು. ತಣ್ಣನೆಯ ಚಹಾದ ಲೋಟಗಳು ಒಂದಕ್ಕೊಂದು ತಾಗಿದವು. ಆ ಗದ್ದಲದ ನಡುವೆ ರಾಯ್ಸ್ ಒಬ್ಬನೇ ಚಪ್ಪಡಿಯಿಂದ ಏಳುತ್ತಿದ್ದ ಸಣ್ಣ ಹೊಗೆಯನ್ನು ನೋಡುತ್ತಿದ್ದ.

"ಅಷ್ಟು ಸರಿಯಾಗಿ ಹೇಗೆ ಹಿಡಿದೆ?" ಎಂದ.

"ನಮ್ಮ ಅಡುಗೆಮನೆ ಬಾಗಿಲ ಹಿಂದಿನ ಗೂಟ ಅಷ್ಟೇ ಎತ್ತರ."

ದಿನವೂ ಮನೆಗೆ ಬಂದೊಡನೆ ಅವನು ಒರೆಯ ಸಮೇತ ಪಿಸ್ತೂಲು ತೂಗುಹಾಕುವ ಗೂಟ. ತುಂಬಿದ ಪಿಸ್ತೂಲು.

"ಯಾವಾಗ ಬಿತ್ತು?"

"ಈಸ್ಟರಿನ ಹಿಂದಿನ ದಿನ. ಒರೆಯ ಪಟ್ಟಿ ಕಿತ್ತುಹೋಗಿತ್ತು. ಒಂದು ಗುಂಡು ಲೆಕ್ಕಕ್ಕೆ ಸಿಗಲಿಲ್ಲ ಅಂತ ನಮ್ಮಣ್ಣನ್ನ ಬೈದೆಯಲ್ಲ, ಆ ಗುಂಡು."

"ನನಗೆ ಹೇಳೋಕೇನಾಗಿತ್ತು?"

ಆರ್ಲೀನ್ ಏಪ್ರನ್ನಿನ ಗಂಟು ಸರಿಮಾಡಿಕೊಂಡಳು. "ಹೇಳಿದ್ದರೆ ನೀನು ಏನನ್ನುತ್ತಿದ್ದೆ, ಹೇಳು."

ರಾಯ್ಸ್ ಗ್ರೇಡಿಯ ತಲೆಯ ಮೇಲಿಂದ ಡಬ್ಬಿ ಇಳಿಸಿಕೊಂಡು, ತೋಟಾ ತೆಗೆದು, ಪಿಸ್ತೂಲನ್ನು ಒಳಗಿಟ್ಟು, ಕಂಪನಿಯವರು ಹೇಳಿದ್ದಕ್ಕಿಂತ ನಾಲ್ಕು ಸುತ್ತು ಹೆಚ್ಚೇ ಟೇಪು ಸುತ್ತಿದ.

ಸಂಜೆ ಮನೆಗೆ ಬಂದವನು ಅಡುಗೆಮನೆಗೆ ಕುರ್ಚಿ ಎಳೆದುಕೊಂಡು ಹತ್ತಿದ. ಒಲೆಯ ಮೇಲ್ಗೋಡೆಗೆ, ಯಾರಿಗೂ ಓದಲಾಗದಷ್ಟು ಎತ್ತರದಲ್ಲಿ, "ಈ ಮನೆಯನ್ನು ದೇವರು ಕಾಯಲಿ" ಎಂಬ ಕಸೂತಿಯ ಚೌಕಟ್ಟಿತ್ತು. ಅಷ್ಟು ಮೇಲೆ ಯಾಕೆ ಹಾಕಿದೆ ಎಂದು ಈಸ್ಟರಿನಿಂದ ಅವಳನ್ನು ಛೇಡಿಸುತ್ತಲೇ ಬಂದಿದ್ದ. ಈಗ ಅದನ್ನು ಎತ್ತಿದ. ಹಿಂದೆ, ಬಿಳಿ ಸೋಪು ತುಂಬಿ ಮುಚ್ಚಿದ ಒಂದು ತೂತು.

ಅಲ್ಲಿಂದ ಬಾಗಿಲ ಹಿಂದಿನ ಗೂಟದ ಬುಡದ ನೆಲದವರೆಗೆ ಗುರಿ ಹಿಡಿಯುವವನ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. ಗೆರೆ ನೆಟ್ಟಗಿತ್ತು. ಅದರ ನಡುವೆ ಆರ್ಲೀನ್ ಒಲೆಯ ಮುಂದೆ ನಿಂತು, ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಳ್ಳುತ್ತ, ಈರುಳ್ಳಿ ಬಾಡಿಸುತ್ತಿದ್ದಳು.