ತೆಗೆಯದ ಬಾಗಿಲು

ಶಿವಲೀಲಾ ಸತ್ತ ಸುದ್ದಿ ಕೊಟ್ಟೂರಿಗೆ ಬಂದ ದಿನವೇ ಗಂಗಾಂಬಿಕಾ ತನ್ನ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದಳು.

ಇಬ್ಬರೂ ಒಂದೇ ಕಡೆ ಮಾಲೀಸು ಕಲಿತವರು. ಶಿವಲೀಲಾ ಹರಪನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಸೊಂಟ ಹಿಡಿದವರು, ಕುತ್ತಿಗೆ ನೋವಿನವರು ಅವಳಲ್ಲಿಗೆ ಬರುತ್ತಿದ್ದರು. ಯಾರೋ ಹಾಡಹಗಲಲ್ಲಿ ಬಂದು, ಅವಳ ಕುತ್ತಿಗೆ ಹಿಸುಕಿ, ಕಿವಿಯೋಲೆ ಕಿತ್ತುಕೊಂಡು ಹೋಗಿದ್ದ. ಚಿಲಕ ಮುರಿದಿರಲಿಲ್ಲ. ಒಳಗಿನಿಂದ ಅವಳೇ ತೆಗೆದಿದ್ದಳು. ಮೆಟ್ಟಿಲ ಕೆಳಗಿದ್ದ ಮುದುಕಿಯೊಬ್ಬಳು "ಶರಣ್ರೀ ತಾಯಿ" ಎಂಬ ಗಂಡುದನಿ ಕೇಳಿದ್ದಳು. ವಿಭೂತಿ ಹಚ್ಚಿದ ಹಣೆಯನ್ನಷ್ಟೇ ಕಂಡಿದ್ದಳು. ಶಿವಲೀಲಾಳ ಮೊಬೈಲಿನಲ್ಲಿ ಪೊಲೀಸರ ನಂಬರು ಒತ್ತಿಟ್ಟಿತ್ತು. ಕರೆ ಹೋಗಿರಲಿಲ್ಲ.

ಏಕೆ ಹೋಗಲಿಲ್ಲವೆಂದು ಈ ಕೆಲಸದ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಹತ್ತಿರ ಲೈಸೆನ್ಸ್ ಇರಲಿಲ್ಲ. ಬಂದ ಪೊಲೀಸರು ಮೊದಲು ಅದನ್ನೇ ಕೇಳಿದರೆ ಎಂಬ ಭಯ.

ಶಿವಲೀಲಾಳ ಮಣ್ಣಿಗೆ ಈ ಹೆಂಗಸರಲ್ಲಿ ಒಬ್ಬರೂ ಹೋಗಲಿಲ್ಲ. ಹೋಗಿದ್ದರೆ, ಇವರೂ ಅಂಥವರೇ ಎಂದು ಜನ ಬೆರಳು ತೋರಿಸುತ್ತಿದ್ದರು.

ಗಂಗಾಂಬಿಕಾಳ ಲೈಸೆನ್ಸಿನ ಅರ್ಜಿಯೂ ಇನ್ನೂ ಇತ್ಯರ್ಥವಾಗಿರಲಿಲ್ಲ. ಎದುರಿನ ಮೆಕ್ಕೆಜೋಳದ ವ್ಯಾಪಾರಿ ಬೊಮ್ಮಪ್ಪ ತಕರಾರು ಹಾಕಿದ್ದ. "ಮಾಲೀಸಂತ ಮಾಲೀಸು! ಗಂಡಸರ ಮೈ ಮುಟ್ಟಾದು ಎಂಥಾ ದಂಧೆ ಅಂತ ನಮಗ ಗೊತ್ತಿಲ್ಲೇನು?" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ. ಸೋಮವಾರ ವಿಚಾರಣೆ. ಕೆಳಗೆ ರೊಟ್ಟಿ ಅಂಗಡಿ ನಡೆಸುತ್ತಿದ್ದ ಮನೆಯೊಡತಿ ದ್ಯಾಮಕ್ಕ ಮೊದಲೇ ಎಚ್ಚರಿಸಿದ್ದಳು: "ಅಷ್ಟರೊಳಗ ಪೊಲೀಸ್ರು ಒಂದ್ಸಲ ಮೆಟ್ಟಲ ಹತ್ತಿದ್ರು ಅಂದ್ರ ನಿನ್ನ ಲೈಸೆನ್ಸು ಹೋತು, ಈ ಕ್ವಾಣಿನೂ ಹೋತು ನೋಡವಾ."

ಗಂಗಾಂಬಿಕಾ ಕಟ್ಟುನಿಟ್ಟು ಮಾಡಿದಳು. ಹೊಸಬರು ಬರಬೇಕಾದರೆ ಹಳೆಯ ಗಿರಾಕಿಯೊಬ್ಬರು ಮೊದಲು ಫೋನ್ ಮಾಡಬೇಕು. ಗಂಡಸಾದರೆ ಮನೆಯ ಹೆಂಗಸು ಜೊತೆಗೆ ಬಂದು ಬೆಂಚಿನ ಮೇಲೆ ಕೂರಬೇಕು. ಅರ್ಧ ಗಿರಾಕಿಗಳು ಬರುವುದನ್ನು ಬಿಟ್ಟರು. ಬಿಡಲಿ ಎಂದಳು.

ಆಮೇಲೆ ವಿಭೂತಿ ಹಚ್ಚಿದ ಮುದುಕನೊಬ್ಬನ ಸುದ್ದಿ ಹಬ್ಬಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೋದಲ್ಲೆಲ್ಲ ಮಾಲೀಸಿನ ಹೆಂಗಸರ ಬಾಗಿಲನ್ನೇ ಹುಡುಕಿಕೊಂಡು ಬರುತ್ತಿದ್ದ. ಹೆಸರು ಹೇಳುತ್ತಿರಲಿಲ್ಲ. ಹಡಗಲಿಯ ಅರ್ಚನಾ ಬಾಗಿಲು ತೆಗೆದೇಬಿಟ್ಟಿದ್ದಳು. ಅವನು ಒಳಗೆ ಕಾಲಿಡಲಿಲ್ಲ. "ಯಾಕ ತೆಗದಿ?" ಎಂದು ಅವಳ ಮೇಲೆಯೇ ಕಿರುಚಿ ಹೊರಟುಹೋದ. ಒಳಗೆ ಅವಳ ಗಂಡ ಇದ್ದುದನ್ನು ಕಂಡು ಹೆದರಿದ್ದಾನೆ, ಕೊಂದವನು ಇವನೇ ಎಂದು ಹೆಂಗಸರ ವಾಟ್ಸಾಪಿನಲ್ಲಿ ತೀರ್ಮಾನವಾಯಿತು.

ಶನಿವಾರ ಮಧ್ಯಾಹ್ನ ಗಂಗಾಂಬಿಕಾಳ ಬಾಗಿಲು ಬಡಿದ ಸದ್ದಾಯಿತು.

"ಶರಣ್ರೀ ತಾಯಿ."

ಅವಳು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. ಕಿಟಕಿಯ ಸಂದಿಯಿಂದ ನೋಡಿದಳು. ಬಿಳಿಯ ಧೋತರ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಇಂಥವರು ಬಂದರೆ ಹೆಸರು, ಊರು ಕೇಳದೆ ಒಳಗೆ ಕರೆದು ಕಾಲಿಗೆ ನೀರು ಕೊಡುವುದು ಅವಳ ತವರಿನಲ್ಲೂ ನಡೆದುಬಂದದ್ದು. ಕೈ ತಾನಾಗಿಯೇ ಚಿಲಕದ ಮೇಲೆ ಹೋಯಿತು. ಹಿಂದಕ್ಕೆಳೆದುಕೊಂಡಳು.

"ಯಾರು ಕಳಿಸಿದ್ರು ನಿಮ್ಮನ್ನ?"

"ಮೊಣಕಾಲು ಹಿಡದೈತಿ. ತೆಗಿಯವ್ವಾ."

"ನಾ ಕೇಳಿದ್ದು ಮೊಣಕಾಲಲ್ಲ. ಹೆಸರು ಹೇಳ್ರಿ."

"ವಿಭೂತಿ ಹಚ್ಚಿದವರನ್ನ ಹೆಸರು ಕೇಳ್ತಾರೇನು? ನಿಮ್ಮ ಮನ್ಯಾಗ ಇದನ್ನ ಕಲಿಸ್ಯಾರೇನು?"

"ನಮ್ಮ ಮನ್ಯಾಗ ಕಲಿಸಿದ್ದು ನಮ್ಮ ಮನಿಗೆ ಇರ್ಲಿ. ನೀವು ಇಳೀರಿ."

ಅವನು ಇಳಿಯಲಿಲ್ಲ. ಮತ್ತೆ ಮಾತಾಡಿದಾಗ ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ಬಾಯಿಪಾಠ ಒಪ್ಪಿಸುವವನಂತೆ ಹೇಳಿದ.

"ನಿನಗ ಲೈಸೆನ್ಸ್ ಇಲ್ಲಂತ ಬೀದಿಗೆಲ್ಲ ಗೊತ್ತೈತಿ. ಪೊಲೀಸ್ರನ್ನ ಕರಿಯಾಕ ಆಗಂಗಿಲ್ಲ ನಿನಗ. ಕರದ್ರ ನಿನ್ನ ಮಾನನ ಹೋಗಾದು. ಸುಮ್ನ ತೆಗಿ."

ದ್ಯಾಮಕ್ಕನ ಕಿವಿಗೆ ಅದು ಬಿತ್ತು. ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಮೆಟ್ಟಿಲ ಬುಡಕ್ಕೆ ಬಂದಳು.

"ಲೇ ಮುದಿಯಾ! ಮೊಣಕಾಲು ಹಿಡದೈತಂತ! ಇಷ್ಟು ಮೆಟ್ಟಲ ಹೆಂಗ ಹತ್ತಿದ್ಯೋ? ಇಳದು ಬಾ, ಬರೆ ಹಾಕಿ ವಾಸಿ ಮಾಡ್ತೀನಿ!"

"ನೋಡ್ರಪ್ಪಾ," ಎಂದು ಎದುರಿನ ಅಂಗಡಿಯಿಂದ ಬೊಮ್ಮಪ್ಪ ನಕ್ಕ. "ಎಂಥೆಂಥವರು ಬರ್ತಾರ ಅಂತ ನಾ ಹೇಳಿದ್ದಿಲ್ಲೇನು? ಸೋಮವಾರ ಇದನ್ನೂ ಹೇಳ್ತೀನಿ."

ಗಂಗಾಂಬಿಕಾ ಮೊಬೈಲು ತೆಗೆದು ನಂಬರು ಒತ್ತಿದಳು. ಕರೆಯ ಗುಂಡಿಯ ಮೇಲೆ ಬೆರಳು ನಿಂತಿತು. ಸೋಮವಾರದ ನೆನಪಾಯಿತು. ಶಿವಲೀಲಾಳ ಮೊಬೈಲಿನ ನೆನಪೂ ಆಯಿತು.

ಒತ್ತಿದಳು. ಹೊರಗಿನವನಿಗೆ ಕೇಳಲೆಂದೇ ಗಟ್ಟಿಯಾಗಿ ಮಾತಾಡಿದಳು.

"ಕೊಟ್ಟೂರಿನಿಂದ ಗಂಗಾಂಬಿಕಾ ಅಂತ, ಮಾಲೀಸು ಮಾಡಾಕಿ. ಲೈಸೆನ್ಸ್ ಇನ್ನೂ ಬಂದಿಲ್ಲ, ಅದನ್ನೂ ಬರಕೊಳ್ರಿ. ಬಾಗಲಾಗ ಒಬ್ಬ ನಿಂತಾನ. ಬರ್ರಿ."

ಮುದುಕ ಓಡಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕುಸಿದು ಕುಳಿತ. ದ್ಯಾಮಕ್ಕನ ಕೊಳ್ಳಿಗಾಗಲಿ ಬೈಗುಳಕ್ಕಾಗಲಿ ತಲೆ ಎತ್ತಲಿಲ್ಲ. ಪೇದೆಗಳು ಬಂದು, ರಟ್ಟೆ ಹಿಡಿದು ಎಬ್ಬಿಸಿ, ಯಾರು ನೀನು ಎಂದು ಗದರಿಸಿದರು. ಅವನು ಅವರ ಕಡೆ ನೋಡಲಿಲ್ಲ. ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೂ ಮುಚ್ಚಿಯೇ ಇದ್ದ ಆ ಬಾಗಿಲಿನ ಮುಂದೆ ಕಣ್ಣು ಮುಚ್ಚಿದ.

"ಶಿವನೇ, ವಿಭೂತಿ ಹಚ್ಚಿದವರನ್ನ ಹೆಸರು ಕೇಳಬ್ಯಾಡ ಅಂತ ನಾ ಕಲಿಸಿದ್ದಕ್ಕ ನನ್ನ ಮಗಳು ಶಿವಲೀಲಾ ಬಾಗಲಾ ತೆಗದಳು, ಊರೂರಿನ ಬಾಗಲಾ ಬಡದು ನೋಡಿದೆ, ಈ ಮಗಳು ತೆಗಿಲಿಲ್ಲ, ಫೋನೂ ಮಾಡಿದಳು, ಇನ್ನರ ನನ್ನ ಕೂಸಿಗೆ ಶಾಂತಿ ಕೊಡು ತಂದೆ."